ಯಾರೂ ಕಳಿಸಲಿಲ್ಲ

ಸಿಡ್ನಿಯ ಹ್ಯಾರಿಸ್ ಪಾರ್ಕಿನ ಸ್ವೀಟ್ ಅಂಗಡಿಯ ಮುಂದೆ ಬೆಳಗಾವಿಯ ಆಂಟಿಯೊಬ್ಬರು ನನ್ನನ್ನು ತಡೆದು ಕೇಳಿದರು, "ಮಾಲ್ಟಾಕ್ಕ ಕೆಲಸಕ್ಕ ಹೊಂಟೀರಂತ. ಮನ್ಯಾವ್ರು ಕಳಸ್ತಾರೇನ್ರಿ?"

ಕಳಸ್ತಾರೇನು ಅಂದರೆ? ನಾನೇನು ಪಾರ್ಸೆಲ್ಲೇ? ಐವತ್ತು ದಾಟಿದ ಹೆಂಗಸು ನಾನು. ಆದರೂ ಹಲ್ಲು ಕಿಸಿದು "ನೋಡೂಣ್ರಿ" ಅಂದುಬಿಟ್ಟೆ. ಮನೆಗೆ ಬರುವ ಟ್ರೇನಿನಲ್ಲಿ ನನ್ನ ಮೇಲೆ ನನಗೇ ಸಿಟ್ಟು ಬಂತು.

ಮಾಲ್ಟಾ ಅಂತ ಅವರು ಅಂದದ್ದು. ನಾನು ಹೊರಟದ್ದು ಅದರ ಪಕ್ಕದ ಗೋಝೋ ಎಂಬ ಪುಟ್ಟ ನಡುಗಡ್ಡೆಗೆ. ಬಸ್ಸಿನಲ್ಲಿ ಕೂತರೆ ಒಂದು ನಿದ್ದೆ ಮುಗಿಯುವುದರೊಳಗೆ ನೆಲವೇ ಮುಗಿದು ಸಮುದ್ರ ಬರುತ್ತದೆ. ಸಿಡ್ನಿಯ ಬ್ಲ್ಯಾಕ್‌ಟೌನಿನಲ್ಲಿ ನಾನು ಹಲ್ಲಿನ ಸೆಟ್ ಮಾಡುವ ಲ್ಯಾಬಿನಲ್ಲಿದ್ದೆ. ಮೇಣದ ಮೇಲೆ ಒಂದೊಂದೇ ಹಲ್ಲು ಕೂರಿಸಿ, ಮುದುಕರ ಹಳೆ ಫೋಟೊ ನೋಡಿ ಅದೇ ನಗೆ ಬರುವಂತೆ ತಿದ್ದುವ ಕೆಲಸ. ಆಮೇಲೆ ಮಷೀನ್ ಬಂತು. ನನ್ನ ಕೈಗೆ ಮೌಸ್ ಕೊಟ್ಟು ಸ್ಕ್ರೀನಿನ ಮುಂದೆ ಕೂರಿಸಿದರು. ಆ ದಿನಗಳನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಲ್ಯಾಬಿನ ಮಾಲೀಕ ಮಾಲ್ಟಾ ಮೂಲದವನು. ಅವನ ಅಣ್ಣ ಗೋಝೋದಲ್ಲಿ ಇನ್ನೂ ಕೈಯಿಂದಲೇ ಸೆಟ್ ಮಾಡುತ್ತಿದ್ದ, ಜೊತೆಗೆ ಒಬ್ಬರು ಬೇಕಾಗಿದ್ದರು. ನಾನು ಯಾರನ್ನೂ ಕೇಳದೆ ಹೂಂ ಅಂದೆ.

ಇನ್ನು ಗಂಡನ ವಿಷಯ. ಹಿಂದೊಮ್ಮೆ ಅವರು ಮೆಲ್ಬರ್ನಿಗೆ ಹೋಗಿದ್ದರು. ಡ್ಯಾಂಡಿನಾಂಗಿನ ಫ್ಯಾಕ್ಟರಿಯಲ್ಲಿ ಮ್ಯಾನೇಜರ್ ಕೆಲಸ, ಅಲ್ಲೇ ರೂಮು, ಆಗೊಮ್ಮೆ ಈಗೊಮ್ಮೆ ಸಿಡ್ನಿ. ವರ್ಷಗಟ್ಟಲೆ ನಡೆಯಿತು ಹೀಗೆ. ಮಗಳ ಶಾಲೆ, ಸೋರುವ ನಲ್ಲಿ, ಜ್ವರ, ಎಲ್ಲ ನನ್ನ ತಲೆ ಮೇಲೆ. "ಭಾಳ ಕಷ್ಟ ಪಡ್ತಾರ ನಿಮ್ಮ ಮನ್ಯಾವ್ರು" ಅನ್ನುವ ಹೊಗಳಿಕೆ ಅವರಿಗೆ. ಗಂಡಸು ಹೋಗುತ್ತಾನೆ, ಹೆಂಗಸನ್ನು ಕಳಿಸುತ್ತಾರೆ. ಅವರನ್ನು ನೀವು ಕಳಿಸಿದಿರೇನು ಅಂತ ಆಗ ಒಬ್ಬರಾದರೂ ನನ್ನನ್ನು ಕೇಳಲಿಲ್ಲ.

ಹೊರಡುವ ಮುಂಚಿನ ಭಾನುವಾರ ಮಧ್ಯಾಹ್ನ ಹುಬ್ಬಳ್ಳಿ-ಧಾರವಾಡದ ಕಡೆಯವರೆಲ್ಲ ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಅದೇ ಆಂಟಿ ಈ ಸಲ ನನ್ನ ಗಂಡನನ್ನೇ ಕೇಳಿದರು. ಅವರು ರೊಟ್ಟಿ ಮುರಿಯುತ್ತ, ದೊಡ್ಡ ಮನಸ್ಸಿನವರ ಹಾಗೆ, "ಹೌದ್ರಿ, ನಾನ ಕಳಸ್ಲಿಕ್ಕತ್ತೀನಿ. ಆಕೀಗೂ ಒಂದು ಆಸೆ ಇರ್ತದಲ್ಲ" ಅಂದರು. ಎಲ್ಲರೂ ಮೆಚ್ಚಿ ತಲೆದೂಗಿದರು.

ನನಗೆ ಸಿಟ್ಟು ನೆತ್ತಿಗೇರಿತು. "ನೀವೇನು ಕಳಸ್ಲಿಕ್ಕತ್ತಿಲ್ಲ. ನಾ ಹೊಂಟೀನಿ," ಅಂದೆ.

ಆಂಟಿ ಮೊಸರು ತರುತ್ತೇನೆಂದು ಎದ್ದರು. ಮೊಸರು ಅವರ ಮುಂದೆಯೇ ಇತ್ತು.

ಮನೆ ಖಾಲಿಯಾದ ಮೇಲೆ ಗಂಡ ಪಾತ್ರೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಹೇಳಿದರು. "ನಾ ಬ್ಯಾಡ ಅನ್ನೂದಿಲ್ಲ. ಆದ್ರ ನಾ ಕಳಸೀನಿ ಅಂತ ಹೇಳ್ಲಿಕ್ಕೆ ಬಿಡು. ಇಲ್ಲಂದ್ರ ಹೆಂಡ್ತಿ ಬಿಟ್ಟು ಹೋದ್ಲು ಅಂತಾರ. ಗಡಿಗಿ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಿಕ್ಕಾಗ್ತದೇನು?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಒಂದು ಮಾತು ತಾನೇ, ಬಿಟ್ಟುಕೊಟ್ಟರೆ ನನ್ನ ಗಂಟೇನು ಹೋಗುತ್ತದೆ ಅಂತಲೂ ಅನಿಸಿತು. ಈ ಮನುಷ್ಯ ಮುನಿಸಿಕೊಂಡು ಹಾಗೇ ಉಳಿದುಬಿಟ್ಟರೆ, ನಮ್ಮ ಸಂಸಾರ ಇಲ್ಲಿಗೇ ನಿಂತುಬಿಟ್ಟರೆ ಅನ್ನುವ ಭಯವೂ ಇತ್ತು. ಆದರೆ ಕಳಿಸಿದವರು ಬೇಕೆಂದಾಗ ವಾಪಸ್ ಕರೆಸಿಕೊಳ್ಳಲೂಬಹುದಲ್ಲ.

"ಆ ಮಾತೊಂದು ಕೊಡೂದಿಲ್ಲ," ಅಂದೆ.

ಏರ್‌ಪೋರ್ಟಿಗೆ ಕಾರಿನಲ್ಲಿ ಬಿಟ್ಟರು, ಸೂಟ್‌ಕೇಸು ಇಳಿಸಿಕೊಟ್ಟರು. ಹೋಗಿ ಬಾ ಅನ್ನಲಿಲ್ಲ. ನಾನೂ ಹೋಗಿ ಬರ್ತೀನಿ ಅನ್ನಲಿಲ್ಲ.

ಗೋಝೋದಲ್ಲಿ ಎಷ್ಟೋ ವಾರ ಅವರ ಫೋನ್ ಬರಲಿಲ್ಲ. ಹಠಕ್ಕೆ ಬಿದ್ದು ನಾನೂ ಮಾಡಲಿಲ್ಲ. ಹಗಲೆಲ್ಲ ಮೇಣ, ಪ್ಲಾಸ್ಟರು, ಹಲ್ಲು. ಕೈಗೆ ಮತ್ತೆ ಜೀವ ಬಂದಿತ್ತು. ಸಂಜೆ ಬಂದರಿನ ಕಟ್ಟೆಯ ಮೇಲೆ ಕೂತು ಅತ್ತದ್ದೂ ಉಂಟು. ಅತ್ತರೆ ಏನಾಯಿತು, ಮರುದಿನ ಎದ್ದು ಕೆಲಸಕ್ಕೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಫೋನ್ ಬಂತು.

"ಸ್ವೀಟ್ ಅಂಗಡ್ಯಾಗ ಆಂಟಿ ಸಿಕ್ಕಿದ್ರು," ಅಂದರು ಗಂಡ. "ಯಾವಾಗ ಕರಸ್ಕೋತೀರಿ ಆಕೀನ್ನ, ಅಂತ ಕೇಳಿದ್ರು."

"ನೀವೇನಂದ್ರಿ?"

"ನಾ ಕಳಸಿದ್ರ ಅಲ್ಲೇನ್ರಿ ಕರಸ್ಕೊಳ್ಳೂದು, ಆಕೀನ ಹೋಗ್ಯಾಳ, ಅಂದೆ. ಅಲ್ಲಿದ್ದೋರೆಲ್ಲಾ ನಕ್ರು. ಭಾಳ ನಾಚಿಕಿ ಆತು ನನಗ."

"ಆಗ್ಲಿ ಬಿಡ್ರಿ," ಅಂದೆ.

ಆ ಕಡೆ ನಲ್ಲಿ ನಿಲ್ಲಿಸಿದ ಸದ್ದು ಕೇಳಿತು.

"ಟಿಕೆಟ್ ಬುಕ್ ಮಾಡೀನಿ," ಅಂದರು. "ನೀ ಏನು ಕರದಿಲ್ಲ. ನಾನ ಬರ್ಲಿಕ್ಕತ್ತೀನಿ."