ಹಿಂದುಮುಂದಾಗಿ ಏರು ಹತ್ತುವ ಕಾರು

ನಮ್ಮ ಮನೆಗೆ ಬಂದ ಒಂದೇ ಒಂದು ಕಾರಿಗೆ ಒಂದನೇ ಗೇರು ಇಲ್ಲ. ಫೋನಿನಲ್ಲಿ ಟೈಪು ಮಾಡುವುದನ್ನು ನಾನು ಕಲಿತು ಮೂರು ತಿಂಗಳಾಯಿತು. ಗೇರು ಎಂದು ಒತ್ತಿದರೆ ಸಾಕು, ಫೋನು ಪಕ್ಕದಲ್ಲೇ ಬೀಜ, ಹಣ್ಣು ಎಂದು ತೋರಿಸಿ ನನ್ನನ್ನು ಅಡುಗೆಮನೆಗೆ ಕಳಿಸಲು ನೋಡುತ್ತದೆ. ನಾನು ಹೋಗುವುದಿಲ್ಲ. ನಾನು ಹೇಳುತ್ತಿರುವುದು ಕಾರಿನ ಗೇರು.

ಕಾರು ತಂದವರು ನಮ್ಮ ಯಜಮಾನರು. ಕೆರಗೋಡಿನಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದ ಮೇಲೆ, ಮಂಡ್ಯದಲ್ಲಿ ಇನ್ನೊಬ್ಬ ನಿವೃತ್ತ ಮೇಷ್ಟ್ರು ಮಾರುತ್ತಿದ್ದಾರೆಂದು ಕೇಳಿ ಹೋಗಿ ತಂದರು. ಹಾಲಿನ ಕೆನೆ ಬಣ್ಣ ಎಂದು ಅವರು ಹೇಳುತ್ತಿದ್ದರು. ನನ್ನ ಕಣ್ಣಿಗೆ ಹುಳಿ ಬಂದ ಮೊಸರಿನ ಬಣ್ಣ. ಎಡಗಡೆಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಬಲಗಡೆಯದು ಹೊರಗಿನಿಂದ ಮುಚ್ಚುತ್ತಿರಲಿಲ್ಲ. ಎಡಕ್ಕೆ ತಿರುಗಿಸಿದಾಗಲೆಲ್ಲ ಹಾರನ್ನು ತಾನಾಗಿಯೇ ಕೂಗುತ್ತಿತ್ತು. ಕಾಲಿಡುವ ಜಾಗದಲ್ಲಿ ತಗಡು ತುಕ್ಕು ಹಿಡಿದು ತಟ್ಟೆಯಗಲದ ತೂತಾಗಿತ್ತು. ಸುಗ್ಗಿಯಲ್ಲಿ ಗಾಡಿಗಳು ತುಳಿಯಲಿ ಎಂದು ಹುರುಳಿಯನ್ನು ಟಾರು ರಸ್ತೆಗೆ ಹರಡುತ್ತಾರಲ್ಲ, ಅದರ ಮೇಲೆ ಹೋದರೆ ಹುರುಳಿ ಹೊಟ್ಟು ಆ ತೂತಿನಿಂದ ಒಳಗೆ ಬಂದು ಸೀರೆಯೆಲ್ಲ ತುಂಬುತ್ತಿತ್ತು. ಹರಡಿದವರು ಮಾತ್ರ ನಮ್ಮ ಕಾರು ಕಂಡರೆ ಕೈ ಅಡ್ಡ ಹಾಕಿ, "ಮೇಷ್ಟ್ರೇ, ಇನ್ನೆಲ್ಡ್ ಸಲ ಅಂಗೇ ಓಡಾಡ್ಬುಡಿ" ಎನ್ನುತ್ತಿದ್ದರು. ಆ ಕಾರಿನಿಂದ ಊರಿಗೆ ಆದ ಉಪಯೋಗ ಅಷ್ಟೇ.

ಎರಡನೇ ವರ್ಷ ಒಂದನೇ ಗೇರಿನ ಹಲ್ಲು ಉದುರಿತು. ಮಂಡ್ಯದ ಮೆಕ್ಯಾನಿಕ್ ಭಾಯಿ ಕಾರಿನ ಅಡಿಗೆ ಮಲಗಿ ನೋಡಿ, ಎದ್ದು ಕೈ ಒರೆಸಿಕೊಂಡರು.

"ಅಮ್ಮ, ಈ ಗೇರ್ ಸಿಗಾಕಿಲ್ಲ. ಗಾಡಿ ಮಾಡ್ತಿದ್ದ ಕಂಪ್ನೀನೇ ಮುಚ್ಚೋಗದೆ."

"ಅಂಗಾರೆ ಏನ್ ಮಾಡಾದು ಭಾಯಿ?"

"ಸಮ ರೋಡಲ್ಲಿ ಎಲ್ಡ್ನೇ ಗೇರಲ್ಲೇ ಎತ್ಕಳಿ, ಕ್ಲಚ್ಚು ನಿಧಾನಕ್ಕೆ ಬುಡಿ. ಏರು ಬಂದ್ರೆ ಗಾಡಿ ತಿರುಗ್ಸಿ ರಿವರ್ಸಲ್ಲಿ ಅತ್ತುಸ್ಬುಡಿ. ಇರೋ ಗೇರಲ್ಲೆಲ್ಲ ರಿವರ್ಸ್‌ಗೇ ತಾಕತ್ತು ಜಾಸ್ತಿ."

ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡೆ. ಅವರು ನಗಲಿಲ್ಲ.

ನಮ್ಮ ಮನೆ ಇರುವುದು ನಾಲೆಯ ಏರಿಯ ಕೆಳಗೆ. ಎಲ್ಲಿಗೆ ಹೊರಡಬೇಕಾದರೂ ಮೊದಲು ಆ ಏರು ಹತ್ತಿ ರಸ್ತೆ ಸೇರಬೇಕು. ಯಜಮಾನರು ಮೂರು ದಿನ ಹಿಂದುಮುಂದಾಗಿ ಹತ್ತಿಸಿದರು. ನಾಲ್ಕನೇ ದಿನ ಕತ್ತು ಉಳುಕಿ, ಒಂದು ವಾರ ಎಡಗಡೆಗೇ ನೋಡುತ್ತ ಊಟ ಮಾಡಿದರು. ನಾನು ಸ್ವಲ್ಪ ನಕ್ಕೆ. "ನಗೋದಾದ್ರೆ ನೀನೇ ಅತ್ತುಸ್ಕೊ ಓಗು" ಎಂದರು. ಅವರ ಕೋಪ ಇಳಿಯುವುದರೊಳಗೆ ನಾನು ಕಲಿಯುವವರ ಲೈಸೆನ್ಸು ಮಾಡಿಸಿ, ಹಿಂದೆ ಮುಂದೆ ಕೆಂಪು ‘ಎಲ್’ ಅಂಟಿಸಿಕೊಂಡು ಬಂದಿದ್ದೆ.

ಎಲ್ಲರೂ ಮೊದಲು ಮುಂದಕ್ಕೆ ಓಡಿಸಲು ಕಲಿತು ಆಮೇಲೆ ಹಿಂದಕ್ಕೆ ಕಲಿಯುತ್ತಾರೆ. ನಾನು ಹಿಂದಕ್ಕೇ ಮೊದಲು ಕಲಿತೆ. ನನಗೆ ಅದೇನೂ ಕಷ್ಟವಾಗಲಿಲ್ಲ. ಬೆನ್ನ ಹಿಂದೆ ಯಾರು ಏನು ಮಾಡುತ್ತಿದ್ದಾರೆ ಎಂದು ತಿರುಗಿ ನೋಡುವ ಅಭ್ಯಾಸ ನನಗೆ ಮದುವೆಯಾಗಿ ಬಂದ ದಿನದಿಂದಲೂ ಇದೆ. ಬೆಳಿಗ್ಗೆ ಸೆರಗು ಸಿಕ್ಕಿಸಿಕೊಂಡು, ಕತ್ತು ತಿರುಗಿಸಿ, ಒಂದೇ ಉಸಿರಿನಲ್ಲಿ ಏರಿ ಹತ್ತಿಸುತ್ತಿದ್ದೆ. ನಾಲೆಯಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೈಬಿಟ್ಟು ನೋಡುತ್ತಿದ್ದರು. "ಬತ್ತಾ ಅವ್ಳೋ ಓಯ್ತಾ ಅವ್ಳೋ ಗೊತ್ತಾಗಾಕಿಲ್ವಲ್ಲವ್ವ" ಎಂದು ಒಬ್ಬಳು ಕೂಗಿದ್ದೂ ಉಂಟು.

ಇಷ್ಟು ಹಟ ಹಿಡಿದು ಆ ಕಾರನ್ನು ಕಲಿಯಲು ಒಂದೇ ಕಾರಣ. ನನ್ನ ಅಕ್ಕನ ಜೊತೆ ಒಂದು ಜಗಳ ಮುಗಿಸಬೇಕಿತ್ತು.

ಅಕ್ಕ ಇರುವುದು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಲ್ಲಿ. ಮಂಡಿನೋವೆಂದು ಅವಳು ಎಲ್ಲಿಗೂ ಬರುವುದಿಲ್ಲ, ನಾನೇ ಹೋಗಬೇಕು. ಕೆರಗೋಡಿನಿಂದ ಮಂಡ್ಯಕ್ಕೆ ಒಂದು ಬಸ್ಸು, ಮಂಡ್ಯದಿಂದ ಮಳವಳ್ಳಿಗೆ ಇನ್ನೊಂದು, ಅಲ್ಲಿಂದ ಪೂರಿಗಾಲಿಗೆ ಮತ್ತೊಂದು. ತಲುಪುವಾಗ ಮಧ್ಯಾಹ್ನ. ಊಟ ಮಾಡಿ ಎಲೆ ಅಡಿಕೆ ಹಾಕಿಕೊಂಡ ಮೇಲೆ ನಾನು ವಿಷಯ ಎತ್ತುತ್ತಿದ್ದೆ. ವಿಷಯ ಇಷ್ಟೇ. ನಾವು ಹುಡುಗಿಯರಾಗಿದ್ದಾಗ ಅವ್ವನ ಹೊಸ ಹಿತ್ತಾಳೆ ಬಿಂದಿಗೆ ಬಾವಿಗೆ ಬಿತ್ತು. ಹಗ್ಗ ಕೈಬಿಟ್ಟವಳು ಅಕ್ಕ, ಏಟು ತಿಂದವಳು ನಾನು. ಹಗ್ಗ ನನ್ನ ಕೈಯಲ್ಲಿತ್ತು ಎಂದೇ ಅಕ್ಕ ಇವತ್ತಿಗೂ ಸಾಧಿಸುತ್ತಾಳೆ. ಮೂವರು ಸಾಕ್ಷಿಗಳನ್ನು ಹೇಳುತ್ತಾಳೆ, ಮೂವರೂ ತೀರಿಕೊಂಡಿದ್ದಾರೆ. ನಾನು ಒಬ್ಬೊಬ್ಬರನ್ನೇ ಸುಳ್ಳು ಮಾಡಿ ಇನ್ನೇನು ಗೆಲ್ಲಬೇಕು, ಅಷ್ಟರಲ್ಲಿ ಅಕ್ಕ ಗೋಡೆಯ ಗಡಿಯಾರ ನೋಡುತ್ತಿದ್ದಳು.

"ಮೂರೂವರೆ ಬಸ್ ಬತ್ತದೆ, ಎದ್ದೇಳು. ಅದ್ ಬುಟ್ರೆ ಮಂಡ್ಯ ಸೇರಾಕಾಗಾಕಿಲ್ಲ ನೀನು."

ನಾನು ಚೀಲ ಎತ್ತಿಕೊಂಡು ಓಡಬೇಕಿತ್ತು. ಇಷ್ಟು ವರ್ಷ ಅಕ್ಕನನ್ನು ಗೆಲ್ಲಿಸಿದ್ದು ಸಾಕ್ಷಿಗಳಲ್ಲ, ಆ ಬಸ್ಸು.

ನನ್ನ ‘ಎಲ್’ ಬೋರ್ಡು ಇನ್ನೂ ಹೊಸದಾಗಿರುವಾಗಲೇ ಯಜಮಾನರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಯಿತು. ಇನ್ನು ಕಾರು ಮುಟ್ಟಬೇಡಿ ಎಂದರು ಡಾಕ್ಟರು. ಅದನ್ನು ಕೇಳಿ ಭಾನುವಾರ ಮಗ ಬಂದ. ಅವನು ಭಾರತೀನಗರದ ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಅಲ್ಲೇ ಮನೆ ಮಾಡಿದ್ದಾನೆ.

"ಅವ್ವ, ಗುಜರಿಯವ್ನಿಗೆ ಏಳಿವ್ನಿ. ಬಂದು ಗಾಡಿ ಎತ್ಕೊಂಡೋಯ್ತನೆ."

"ಯಾಕ್ಲಾ?"

"ಓಡ್ಸೋರ್ಯಾರು? ಅಪ್ಪಂಗೆ ಕಣ್ ಕಾಣಾಕಿಲ್ಲ."

"ನಂಗ್ ಕಾಣ್ತದಲ್ಲ."

"ಏರಿ ಅತ್ತುಸಿಬುಟ್ರೆ ಡ್ರೈವರಾಗ್ಬುಟ್ಯಾ? ಲೈಸೆನ್ಸ್ ಬೇಡ್ವಾ?"

"ತಂದ್ರೆ?"

ಮಗ ಅಪ್ಪನ ಕಡೆ ನೋಡಿ ನಕ್ಕ. "ತಂದ್ರೆ ಗುಜರಿಯವ್ನ ವಾಪಸ್ ಕಳಿಸ್ತೀನಿ. ಫೇಲಾದ್ರೆ ಅವತ್ತೇ ಗಾಡಿ ಓಯ್ತದೆ. ಒಪ್ಗೆನಾ?"

"ಒಪ್ಗೆ. ನೀನೇನಾರಾ ಮಾತ್ ತಪ್ಪುದ್ರೆ ನಿನ್ ಕಾಲೇಜ್ ಗೇಟ್ ಮುಂದೆ ಗಾಡಿ ನಿಲ್ಸಿ, ಎಡಕ್ಕೇ ತಿರುಗುಸ್ತಾ ಕೂತ್ಕತೀನಿ."

ಪರೀಕ್ಷೆಗೆ ಎರಡು ವಾರ ಇತ್ತು. ಆ ಎರಡು ವಾರ ನಾನು ರಾಗಿ ಬೀಸಿಸಲಿಕ್ಕೂ ಕಾರಿನಲ್ಲೇ ಹೋದೆ, ಯಜಮಾನರನ್ನು ಪಕ್ಕದಲ್ಲಿ ಕೂರಿಸಿಕೊಂಡು.

ಮಂಡ್ಯದ ಹೊರಗೆ ಪರೀಕ್ಷೆಯ ಬಯಲು. ಮಗ ತನ್ನ ಹೊಸ ಕಾರಿನಲ್ಲಿ ಭಾರತೀನಗರದಿಂದ ನೇರವಾಗಿ ಅಲ್ಲಿಗೇ ಬಂದಿದ್ದ. ಆ ಕಾರಿನ ಸೀಟುಗಳಿಗೆ ಇನ್ನೂ ಪ್ಲಾಸ್ಟಿಕ್ಕು ತೆಗೆದಿರಲಿಲ್ಲ. ಅದರಲ್ಲಿ ಕೂತಾಗ ನಾನು ಗಾಜು ಇಳಿಸಿದರೂ ಅವನಿಗೆ ಸಂಕಟ.

ಮೊದಲ ಪರೀಕ್ಷೆ, ಹಾವು ಹರಿದ ಹಾಗೆ ನೆಟ್ಟ ಕಂಬಗಳ ನಡುವೆ ಹಿಂದಕ್ಕೆ ಓಡಿಸುವುದು. ನನಗಿಂತ ಮುಂಚಿನವನ ಕಾರಿನಲ್ಲಿ ಹಿಂದಿನದೆಲ್ಲ ತೋರಿಸುವ ಟೀವಿ ಇತ್ತು, ಹತ್ತಿರ ಹೋದರೆ ಕಿಯ್ಯೋ ಎನ್ನುತ್ತಿತ್ತು. ಅದು ಕಿಯ್ಯೋ ಎನ್ನುತ್ತಿರುವಾಗಲೇ ಅವನು ಎರಡು ಕಂಬ ಬೀಳಿಸಿದ. ಆಮೇಲೆ ಇನ್ಸ್‌ಪೆಕ್ಟರು ನಮ್ಮ ಕಾರಿನ ಹತ್ತಿರ ಬಂದು ಯಜಮಾನರನ್ನೂ ನನ್ನನ್ನೂ ನೋಡಿದರು.

"ಅಜ್ಜಿ, ಓಡ್ಸೋರೆಲ್ಲಿ?"

"ಕೂತವ್ಳಲ್ಲ ಸ್ವಾಮಿ, ಇಲ್ಲೇ."

ಯಜಮಾನರನ್ನು ಇಳಿಸಿದೆ. ಕತ್ತು ತಿರುಗಿಸಿ ಹೊರಟೆ. ನಮ್ಮ ನಾಲೆ ಏರಿಯಲ್ಲಿ ಒಂದು ಪಕ್ಕ ನೀರು, ಇನ್ನೊಂದು ಪಕ್ಕ ತಿಪ್ಪೆ. ಅದರ ಮುಂದೆ ಈ ಕಂಬಗಳು ಏನು. ಎಡಕ್ಕೆ ತಿರುಗಿದಾಗಲೆಲ್ಲ ಹಾರನ್ನು ಕೂಗಿ, ನೆರಳಲ್ಲಿ ಕೂತಿದ್ದವರೆಲ್ಲ ಎದ್ದು ನಿಂತರು.

"ಆರನ್ ಯಾಕಮ್ಮ ಒಡಿತೀರಿ?"

"ನಾನ್ ಒಡಿತಿಲ್ಲ ಸ್ವಾಮಿ. ಗಾಡಿಗೇ ಕುಸಿಯಾಗದೆ."

ಒಂದು ಕಂಬವೂ ಅಲುಗಲಿಲ್ಲ. ಇನ್ಸ್‌ಪೆಕ್ಟರಿಗೆ ನಂಬಿಕೆ ಬರಲಿಲ್ಲ. ಇನ್ನೊಂದು ಸಲ ಮಾಡಿ ಎಂದು ತಾವೇ ಕೊನೆಯಲ್ಲಿ ಹೋಗಿ ನಿಂತರು. ಮಾಡಿದೆ. ಅವರ ಪ್ಯಾಂಟಿಗೆ ಒಂದು ಗೇಣು ಇದೆ ಎನ್ನುವಾಗ ನಿಲ್ಲಿಸಿದೆ. ಮಗ ಕೈಕಟ್ಟಿಕೊಂಡು ನಿಂತಿದ್ದವನು ಕೈ ಇಳಿಸಿದ್ದ.

ಆಮೇಲೆ ಅವರು ಬಯಲಿನ ತುದಿಯಲ್ಲಿದ್ದ ಮಣ್ಣಿನ ದಿಬ್ಬ ತೋರಿಸಿದರು. "ಅದನ್ನ ಹತ್ಸಿ, ಮಧ್ಯದಲ್ಲಿ ನಿಲ್ಸಿ, ಮತ್ತೆ ಹತ್ಸಿ. ಗಾಡಿ ಹಿಂದಕ್ಕೆ ಜಾರ್ಬಾರ್ದು. ಜಾರಿದ್ರೆ ಫೇಲು."

ನಾನು ದಿಬ್ಬದ ತನಕ ಹೋಗಿ, ಕಾರು ತಿರುಗಿಸಿ, ಬೆನ್ನು ದಿಬ್ಬಕ್ಕೆ ಕೊಟ್ಟು ಹತ್ತಿಸಿದೆ. ಮಧ್ಯದಲ್ಲಿ ನಿಲ್ಲಿಸಿದೆ. ಮತ್ತೆ ಹತ್ತಿಸಿ ತುದಿ ಮುಟ್ಟಿದೆ. ಇನ್ಸ್‌ಪೆಕ್ಟರು ಕೈ ಬೀಸುತ್ತ ಬಂದರು.

"ಏನಮ್ಮ ಇದು? ಮುಂದಾಗಿ ಹತ್ತಿಸ್ಬೇಕು."

"ಇಂದಕ್ ಜಾರ್ಬಾರ್ದು ಅಂದ್ರಲ್ಲ ಸ್ವಾಮಿ. ಇಂಗ್ ಅತ್ತುದ್ರೆ ಇಂದಕ್ ಜಾರಾಕೆ ದಾರಿನೇ ಇಲ್ಲ. ಜಾರುದ್ರೂ ಮುಂದಕ್ಕೇಯ."

ಅವರ ಮೀಸೆ ಸ್ವಲ್ಪ ಅಲ್ಲಾಡಿತು, ಆದರೆ ಪೆನ್ನು ಅಲ್ಲಾಡಲಿಲ್ಲ. "ಮುಂದಾಗಿ ಹತ್ತಿಸಿ. ಇಲ್ದಿದ್ರೆ ಬರೋ ತಿಂಗಳು ಬನ್ನಿ."

ಬರುವ ತಿಂಗಳು ಎಂದರೆ ಫೇಲು. ಫೇಲೆಂದರೆ ಗುಜರಿ. ಮತ್ತೆ ಮೂರು ಬಸ್ಸು, ಮೂರೂವರೆಗೆ ಓಟ, ಅಕ್ಕನ ಮೂವರು ಸಾಕ್ಷಿಗಳು. ಸುಳ್ಳು ಹೇಳಿ ಉಪಯೋಗವಿರಲಿಲ್ಲ.

"ಸ್ವಾಮಿ, ಈ ಗಾಡಿಗೆ ಒಂದ್ನೇ ಗೇರಿಲ್ಲ."

"ಒಂದನೇ ಗೇರಿಲ್ದೆ ಕೆರಗೋಡಿಂದ ಹೆಂಗ್ ಬಂದ್ರಿ?"

"ಸಮ ಇದ್ ಕಡೆ ಮುಂದ್ಕೆ, ಏರಿದ್ ಕಡೆ ಇಂದ್ಕೆ."

ಅವರು ಕಾರನ್ನು ಒಂದು ಸುತ್ತು ಹಾಕಿದರು, ತೂತಿನಲ್ಲಿ ಬಗ್ಗಿ ನೆಲ ನೋಡಿದರು. "ಬೇರೆ ಗಾಡಿ ಇದ್ಯಾ? ಇದ್ರೆ ಅದ್ರಲ್ಲಿ ಹತ್ತಿಸಿ ತೋರ್ಸಿ."

ನಾನು ಮಗನ ಕಡೆ ಕೈ ಚಾಚಿದೆ. ಅವನು ತನ್ನ ಜೇಬು ಮುಚ್ಚಿಕೊಂಡ.

"ಅವ್ವ, ಅದು ಹೊಸ್ದು."

"ನಂಗೂ ಹೊಸ್ದೇ ಕಣ್ಲಾ. ಕೊಡು."

"ಕ್ಲಚ್ಚು ಬಾಳ ಮೆತ್ಗದೆ, ನಿಂಗ್ ಗೊತ್ತಾಗಾಕಿಲ್ಲ."

"ಕೊಡಿ ಸಾರ್" ಎಂದರು ಇನ್ಸ್‌ಪೆಕ್ಟರು. ಯಜಮಾನರು ಮರದ ಕೆಳಗಿನಿಂದಲೇ, "ನೀನೇ ತಾನೆ ಪಂದ್ಯ ಕಟ್ಟಿದ್ದು, ಕೊಡ್ಲಾ" ಎಂದರು. ಅವರು ನನ್ನ ಪರವಾಗಿ ಮಾತಾಡಿದ್ದು ಬಹಳ ದಿನಗಳ ಮೇಲೆ.

ಮಗ ಕೀಲಿ ಕೊಟ್ಟ. ಪ್ಲಾಸ್ಟಿಕ್ಕಿನ ಮೇಲೆ ಕೂತು ಒಂದನೇ ಗೇರು ಹಾಕಿದೆ. ಬೆಣ್ಣೆಗೆ ಚಾಕು ಇಳಿದ ಹಾಗೆ ಬಿತ್ತು. ನಮ್ಮ ಕಾರಿನ ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟು ಕೂದಲೆಳೆಯಷ್ಟು ಹಿಡಿದು ಪಳಗಿದ ಕಾಲಿಗೆ ಇದು ಆಟ. ದಿಬ್ಬದ ಮಧ್ಯ ನಿಲ್ಲಿಸಿದೆ. ಒಂದು ಅಕ್ಕಿಕಾಳಿನಷ್ಟೂ ಜಾರಲಿಲ್ಲ. ಮತ್ತೆ ಹತ್ತಿಸಿದೆ. ಏರು ಹತ್ತುವಾಗ ಎದುರಿಗೆ ಆಕಾಶ ಕಾಣಿಸುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಲ್ಲಿಯತನಕ ನಾನು ಹತ್ತುವಾಗ ನೋಡಿದ್ದೆಲ್ಲ ಹಿಂದಿನ ಗಾಜಿನ ಧೂಳು. ತುದಿಯಲ್ಲಿ ನಿಂತು ಸ್ವಲ್ಪ ಹೊತ್ತು ಇಳಿಯಲೇ ಇಲ್ಲ. ಮಗ ಕೆಳಗಿನಿಂದ "ಅವ್ವ, ಸಾಕು ಬಾ" ಎಂದು ಕೂಗುತ್ತಿದ್ದ.

"ಪಾಸು" ಎಂದರು ಇನ್ಸ್‌ಪೆಕ್ಟರು. "ಆದ್ರೆ ಆ ಗಾಡಿದು ತೂತು ಮುಚ್ಸಿ, ಬಾಗ್ಲು ಸರಿಮಾಡ್ಸಿ."

ಅಷ್ಟು ಮಾಡಿಸಿದೆ. ಗುಜರಿಯವನಿಗೆ ಮಗನೇ ಫೋನು ಮಾಡಿ ಬೇಡ ಎಂದ. ಅದನ್ನು ನನ್ನ ಎದುರಿಗೇ, ಗಟ್ಟಿಯಾಗಿ ಹೇಳಿಸಿದೆ.

ಲೈಸೆನ್ಸು ಅಂಚೆಯಲ್ಲಿ ಬಂದ ಮರುದಿನವೇ ಒಬ್ಬಳೇ ಹೊರಟೆ. ಭಾರತೀನಗರದಲ್ಲಿ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿದ್ದವು. ಅವುಗಳ ಹಿಂದೆ, ನಾನು ವರ್ಷಗಟ್ಟಲೆ ಹತ್ತಿದ ಮಳವಳ್ಳಿ ಬಸ್ಸು ಸಿಕ್ಕಿಕೊಂಡಿತ್ತು. ನಾನು ಪಕ್ಕದ ಸಂದಿಯಲ್ಲಿ ಎರಡನೇ ಗೇರಿನಲ್ಲಿ ನುಸುಳುತ್ತಿದ್ದಾಗ ಕಂಡಕ್ಟರು ಬಾಗಿಲಿನಿಂದ ಬಗ್ಗಿ ನೋಡಿದ.

"ಏನವ್ವ, ಇವತ್ ನಮ್ ಬಸ್ ಬ್ಯಾಡ್ವಾ?"

"ಇವತ್ ನೀನೇ ನನ್ನಿಂದೆ ಬಾ."

ಪೂರಿಗಾಲಿಗೆ ಹನ್ನೊಂದು ಗಂಟೆಗೆಲ್ಲ ತಲುಪಿದೆ. ಅಕ್ಕ ಕಾರು ನೋಡಿ "ಇದಕ್ಕಿಂತ ನಮ್ ಎತ್ತಿನ್ ಗಾಡಿ ವಾಸಿ" ಎಂದಳು. ಊಟವಾಯಿತು, ಎಲೆ ಅಡಿಕೆಯಾಯಿತು, ಬಿಂದಿಗೆ ಬಾವಿಗೆ ಬಿತ್ತು. ಅಕ್ಕ ಮೊದಲನೇ ಸಾಕ್ಷಿಯನ್ನು ತಂದಳು, ಕಳಿಸಿದೆ. ಎರಡನೆಯವರನ್ನು ತಂದಳು, ಕಳಿಸಿದೆ. ಮೂರನೆಯವರು ಬರುವ ಮುಂಚೆ ಅವಳ ಕಣ್ಣು ಗೋಡೆಗೆ ಹೋಯಿತು.

"ಮೂರೂವರೆ ಬಸ್ ಬತ್ತದೆ ಕಣೇ, ಎದ್ದೇಳು."

"ಬರ್ಲಿ ಬುಡು."

"ಓಯ್ತದೆ."

"ಓಗ್ಲಿ ಬುಡಕ್ಕ."

ಬಸ್ಸು ಬಂತು. ನಿಂತಿತು. ಹೋಯಿತು. ಇಬ್ಬರೂ ಅದರ ಸದ್ದು ಪೂರ್ತಿ ಮುಗಿಯುವತನಕ ಕೇಳಿಸಿಕೊಂಡೆವು. ಅಕ್ಕ ಕಾಲು ನೀವಿಕೊಂಡಳು, ಬಾಗಿಲ ಕಡೆ ನೋಡಿದಳು, ಮತ್ತೆ ನನ್ನನ್ನು ನೋಡಿದಳು. ನಾನು ಕಾಲು ಚಾಚಿ ಗೋಡೆಗೆ ಒರಗಿದ್ದೆ.

"ಮೂರ್ನೇ ಸಾಕ್ಷಿ ಏಳು" ಎಂದೆ. "ಅವತ್ತು ಅವ್ರು ಬಾವಿ ತಾವ ಎಲ್ ನಿಂತಿದ್ರು?"

"ಮೆಟ್ಲ್ ಮೇಲೆ."

"ಆ ಬಾವಿಗೆ ಮೆಟ್ಲೆಲ್ಲಿತ್ತು?"

ಅಕ್ಕ ಎಲೆ ಅಡಿಕೆ ತಟ್ಟೆ ಎಳೆದುಕೊಂಡು ಇನ್ನೊಂದು ಎಲೆಗೆ ಸುಣ್ಣ ಹಚ್ಚಿದಳು. ನಾಲ್ಕೂವರೆಯಾಗಿರಬೇಕು. "ಆಯ್ತು ಕಣೇ" ಎಂದಳು ಕೊನೆಗೆ. "ಅಗ್ಗ ನನ್ ಕೈಲೂ ಇತ್ತು ಅನ್ಕೋ."

ಇಷ್ಟು ವರ್ಷ ಹಗ್ಗ ನನ್ನ ಕೈಯಲ್ಲೇ ಇತ್ತು. ಈಗ ಅವಳ ಕೈಲೂ. ಆ ಒಂದು ‘ಊ’ ಗೆದ್ದುಕೊಂಡೆ. ಅದು ಅರ್ಧ ಗೆಲುವು ಎಂದು ನೀವು ಹೇಳಬಹುದು, ನೀವು ನನ್ನ ಅಕ್ಕನನ್ನು ನೋಡಿಲ್ಲ.

ನಾನೇ ಎದ್ದು ಅವಳ ಅಡುಗೆಮನೆಗೆ ಹೋಗಿ, ಸಕ್ಕರೆ ಡಬ್ಬ ಹುಡುಕಿ, ಇಬ್ಬರಿಗೂ ಕಾಫಿ ಮಾಡಿ ತಂದೆ. ಅಕ್ಕನ ಮನೆಯಲ್ಲಿ ನಾನು ಸಂಜೆಯ ಕಾಫಿ ಕುಡಿದದ್ದು ಅದೇ ಮೊದಲು. ಸಕ್ಕರೆ ಜಾಸ್ತಿಯಾಯಿತು ಎಂದಳು. ಕುಡಿದಳು.