ಹಿಡಿ ಅಕ್ಕಿಯ ರಾಹೇಲಮ್ಮ

ಭಾನುವಾರ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹೂಡಿಯ ರೈಲು ಹಳಿಯ ಆಚೆಗಿನ ಗಲ್ಲಿಯಲ್ಲಿರುವ ಚರ್ಚಿನ ಅಂಗಳವನ್ನು ರಾಹೇಲಮ್ಮ ಗುಡಿಸುತ್ತಿದ್ದಾರೆ. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಿಗೆ ಮಗ ಬಿಟ್ಟ ಹಳೆಯ ಕ್ಯಾನ್ವಾಸ್ ಶೂ, ಕೈಯಲ್ಲಿ ಕಡ್ಡಿಪೊರಕೆ. ಹಿತ್ತಲಿಗೆ ಬಂದಾಗ ಪೊರಕೆ ನಿಧಾನವಾಗುತ್ತದೆ. ಅಲ್ಲಿ ಈಗ ಕಾರು ನಿಲ್ಲಿಸಲೆಂದು ಸಿಮೆಂಟ್ ಬಿಲ್ಲೆ ಹಾಸಿದ್ದಾರೆ. ಆ ಬಿಲ್ಲೆಗಳ ನಡುವೆ ಒಂದಿಷ್ಟು ಜಾಗವನ್ನು ಸುತ್ತುಹಾಕಿ ಗುಡಿಸುತ್ತಾರೆ, ಅದರ ಮೇಲೆ ಪೊರಕೆ ಆಡಿಸುವುದಿಲ್ಲ.

"ಇಲ್ಲೇ ಸಾರ್ ನನ್ ಒಲೆ ಇದ್ದಿದ್ದು. ಕಿತ್ತಾಕಿ ಎಷ್ಟೋ ದಿನ ಆಯ್ತು, ನನ್ ಕೈಗಿನ್ನೂ ಗೊತ್ತಾಗಿಲ್ಲ ನೋಡಿ" ಎಂದು ಅವರ ಕತೆ ಕೇಳಲು ಬಂದ ನನಗೆ ಹೇಳುತ್ತಾರೆ. ಹಾಗಂದು ಗೇಟಿನ ಕಡೆ ನೋಡುತ್ತಾರೆ. ಗುಡಿಸುತ್ತಿರುವಷ್ಟು ಹೊತ್ತೂ ಅವರ ಕಣ್ಣು ಗೇಟಿನ ಮೇಲೇ ಇದೆ. ಅವರು ಕಾಯುತ್ತಿರುವುದು ಚನ್ನಕ್ಕ ಎಂಬ ಹೆಂಗಸನ್ನು.

ರಾಹೇಲಮ್ಮ ಹೂಡಿಯವರೇ. ಇಲ್ಲಿ ರಾಗಿ ಹೊಲ ಇದ್ದ ಕಾಲದಿಂದಲೂ ಇದ್ದ ಮನೆತನ. ಗಾರೆ ಕೆಲಸದ ಗಂಡ ಸಾರುವೆಯಿಂದ ಬಿದ್ದು ತೀರಿಕೊಂಡ ಮೇಲೆ ಈ ಚರ್ಚಿನ ಆಯಾ ಆದರು. ಕಸ ಗುಡಿಸುವುದು, ಕುರ್ಚಿ ಹಾಕುವುದು, ಗಂಟೆ ಹೊಡೆಯುವುದು ಸಂಬಳದ ಕೆಲಸ. ಸಂಬಳವಿಲ್ಲದ ಕೆಲಸ ಇನ್ನೊಂದಿತ್ತು. ಭಾನುವಾರದ ಪ್ರೇಮಭೋಜನಕ್ಕೆ, ಅಂದರೆ ಆರಾಧನೆಯ ನಂತರ ಎಲ್ಲರೂ ಕೂಡಿ ಉಣ್ಣುವ ಊಟಕ್ಕೆ, ಅನ್ನ ಬೇಯಿಸುವುದು.

ಆ ಅನ್ನ ಹಿಡಿ ಅಕ್ಕಿಯದು. ಈ ಚರ್ಚಿನ ಸಭೆಯ ಹೆಂಗಸರು ದಿನಾ ಒಲೆಗೆ ಎಸರಿಟ್ಟಾಗ, ಅಳೆದ ಅಕ್ಕಿಯಲ್ಲಿ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಿದ್ದರು. ಅದು ದೇವರ ಪಾಲು. ಭಾನುವಾರ ಡಬ್ಬಿಗಳೆಲ್ಲ ಚರ್ಚಿಗೆ ಬರುತ್ತಿದ್ದವು. ಬೇರೆ ಕಡೆ ಇದನ್ನು ಹರಾಜು ಹಾಕುವುದುಂಟು. ಇಲ್ಲಿ ಮಾತ್ರ ಎಲ್ಲವನ್ನೂ ಒಂದೇ ಹಂಡೆಗೆ ಸುರಿದು ಬೇಯಿಸುತ್ತಿದ್ದರು. ಡಾಕ್ಟರ ಮನೆಯ ಬಾಸುಮತಿ, ಮೇಸ್ತ್ರಿ ಮನೆಯ ದೋಸೆ ಅಕ್ಕಿ, ಶೆಡ್ಡುಗಳಲ್ಲಿರುವ ಕಟ್ಟಡ ಕೆಲಸದವರ ರೇಷನ್ ಅಕ್ಕಿ, ಎಲ್ಲ ಅದರೊಳಗೆ.

ಹೀಗೆ ಬೆರೆತ ಅಕ್ಕಿ ಬೇಯಿಸುವುದು ತಮಾಷೆಯಲ್ಲ. ಒಂದು ಮುದ್ದೆಯಾದರೆ ಇನ್ನೊಂದು ಗಟ್ಟಿಯಾಗಿಯೇ ಉಳಿಯುತ್ತದೆ. "ಮುಕ್ಕಾಲು ಬೇಯಿಸಿ ಉರಿ ತೆಗ್ದುಬಿಡ್ಬೇಕು ಸಾರ್. ಮುಚ್ಚಳ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿ, ಕೆಂಡದ ಮೇಲೆ ಬಿಡ್ಬೇಕು. ಅವಸರ ಮಾಡಿದ್ರೆ ಕೆಟ್ಟೋಯ್ತದೆ. ಅದ್ರ ಪಾಡಿಗೆ ಅದು ಇಂಗೀನೇ ಒಂದು ಹದಕ್ಕೆ ಬತ್ತದೆ. ಅಷ್ಟೊತ್ತಿಗೆ ರಾತ್ರಿ ಪಾಳಿಯೋರೂ ಬಂದ್ಬಿಡೋರು."

ಆ ಊಟಕ್ಕಿದ್ದ ಕಟ್ಟಳೆ ಅದೊಂದೇ. ಟೆಕ್ ಪಾರ್ಕುಗಳಲ್ಲಿ ರಾತ್ರಿಯೆಲ್ಲ ಕಕ್ಕಸು ತೊಳೆದವರು, ಗೇಟು ಕಾದವರು ಪಾಳಿ ಮುಗಿಸಿ, ಮೈ ತೊಳೆದು, ಮಕ್ಕಳಿಗೆ ಏನಾದರೂ ಕೊಟ್ಟು ಬರುವವರೆಗೆ ಯಾರೂ ತಟ್ಟೆ ಮುಟ್ಟುವಂತಿರಲಿಲ್ಲ. ಎಲ್ಲರಿಗಿಂತ ಕೊನೆಗೆ ಬರುತ್ತಿದ್ದವಳು ಚನ್ನಕ್ಕ. ರಾಯಚೂರು ಕಡೆಯವಳು, ಗಂಡನಿಗೆ ಕಟ್ಟಡ ಕೆಲಸ, ಅವಳಿಗೆ ಹೌಸ್‌ಕೀಪಿಂಗ್. ಗೇಟಿನಲ್ಲೇ ಕೂಗುತ್ತಿದ್ದಳಂತೆ, "ಯಕ್ಕಾ, ಬಂದೆ ನೋಡ್ರಿ, ಹಂಡೆ ತೆಗೀರಿ!" ಇದನ್ನು ಹೇಳುವಾಗ ರಾಹೇಲಮ್ಮನ ಮುಖದಲ್ಲಿ ಒಂದಿಷ್ಟು ನಗು ಬರುತ್ತದೆ. ನಾನು ಅಲ್ಲಿದ್ದಷ್ಟು ಹೊತ್ತಿನಲ್ಲಿ ಅದೊಂದೇ ಸಲ.

ಆದಿಸಭೆಯವರೂ, ಅಂದರೆ ಮೊದಲ ಕಾಲದ ಕ್ರೈಸ್ತರೂ, ಹೀಗೇ ಉಣ್ಣುತ್ತಿದ್ದರು. ಆಳು, ಒಡೆಯ, ವಿಧವೆ, ಪರದೇಶಿ, ಎಲ್ಲರೂ ಒಂದೇ ಪಂಕ್ತಿಯಲ್ಲಿ. ಅವರೇನೂ ದೇವದೂತರಲ್ಲ ಬಿಡಿ. ಕೊರಿಂಥ ಎಂಬ ಪಟ್ಟಣದಲ್ಲಿ ಸಾಹುಕಾರರು ಮೊದಲೇ ಬಂದು ಹೊಟ್ಟೆ ತುಂಬ ತಿಂದು ಕುಡಿದು ಕೂರುತ್ತಿದ್ದರು, ಕೂಲಿಯವರು ಬರುವಾಗ ಪಾತ್ರೆ ಖಾಲಿ. ಅದಕ್ಕೆ ಅಪೊಸ್ತಲ ಪೌಲನಿಂದ ಪತ್ರದಲ್ಲಿ ಚೆನ್ನಾಗಿ ಉಗಿಸಿಕೊಂಡರು. ನಮ್ಮನ್ನು ಈಗ ಉಗಿಯಲಿಕ್ಕೂ ಯಾರೂ ಇಲ್ಲ. ಎರಡು ಸಾವಿರ ವರ್ಷದಿಂದ ನಾವು ಬೈಬಲಿನಲ್ಲಿರುವ ಆ ಬೈಗುಳವನ್ನು ಭಕ್ತಿಯಿಂದ ಓದುತ್ತೇವೆ, ಆಮೆನ್ ಅನ್ನುತ್ತೇವೆ, ಎದ್ದು ಹೋಗಿ ನಮ್ಮ ಪಾಲು ತಿನ್ನುತ್ತೇವೆ.

ಸುತ್ತ ಅಪಾರ್ಟ್‌ಮೆಂಟುಗಳೆದ್ದವು. ಹೊಸ ಕುಟುಂಬಗಳು ಬಂದವು, ಕಾರುಗಳು ಬಂದವು. ಮಧ್ಯಾಹ್ನ ಇನ್ನೊಂದು ಆರಾಧನೆ ಶುರುವಾಯಿತು, ಅದಕ್ಕೆ ಚರ್ಚಿನ ಸಭಾಂಗಣ ಬೇಗ ಖಾಲಿಯಾಗಬೇಕಾಯಿತು. ಒಂದು ಭಾನುವಾರ ಯಾರದೋ ಮಗುವಿಗೆ ಹೊಟ್ಟೆ ಕೆಟ್ಟಿತು, ಹಂಡೆಯ ಅನ್ನದ ಮೇಲೆ ಮಾತು ಬಂತು. ಕಳೆದ ಮಳೆಗಾಲದಲ್ಲಿ ಒಲೆ ಕಿತ್ತರು. ಈಗ ಆರಾಧನೆ ಮುಗಿದ ಕೂಡಲೇ ಕೇಟರಿಂಗ್‌ನವರ ಪೊಟ್ಟಣ, ಮೊಬೈಲಿನಲ್ಲಿ ಮೊದಲೇ ಹೆಸರು ಕೊಟ್ಟವರಿಗೆ. ಈ ಸುದ್ದಿಯನ್ನು ಸಭೆಯ ವಾಟ್ಸಾಪ್ ಗುಂಪಿಗೆ ಇಂಗ್ಲಿಷಿನಲ್ಲಿ ಹಾಕಿದರು. ಚನ್ನಕ್ಕನದು ಬಟನ್ ಫೋನು.

ಒಲೆ ಕಿತ್ತ ವಾರದ ಭಾನುವಾರವೇ ಚರ್ಚಿನಲ್ಲಿ ವಿಚಾರ ಸಂಕಿರಣ. ವಿಷಯ ಏನು ಗೊತ್ತೇ? 'ಆದಿಸಭೆಯಿಂದ ಇಂದಿನ ಕ್ರೈಸ್ತರು ಕಲಿಯಬೇಕಾದದ್ದು'. ನಾನು ಕಟ್ಟಿ ಹೇಳುತ್ತಿಲ್ಲ, ಬ್ಯಾನರು ಇನ್ನೂ ಮೆಟ್ಟಿಲ ಕೆಳಗೆ ಸುತ್ತಿಟ್ಟಿದೆ. ಒಳಗೆ ದೊಡ್ಡ ಪರದೆಯ ಮೇಲೆ ಆದಿಕ್ರೈಸ್ತರು ನೆಲದಲ್ಲಿ ಕೂತು ರೊಟ್ಟಿ ಮುರಿಯುವ ಚಿತ್ರ. ರಾಹೇಲಮ್ಮ ಹೆಚ್ಚುವರಿ ಕುರ್ಚಿಗಳನ್ನು ಒಳಗೆ ಸಾಗಿಸುತ್ತಿದ್ದರು. ಆಗ ಚನ್ನಕ್ಕ ಬಂದಳು, ಎಂದಿನಂತೆ ತಡವಾಗಿ, ಪ್ಲಾಸ್ಟಿಕ್ ಕವರಿನಲ್ಲಿ ವಾರದ ಹಿಡಿ ಅಕ್ಕಿ ಹಿಡಿದುಕೊಂಡು.

ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದವರು ಸಿದ್ಧಾರ್ಥ್. ಸಾಫ್ಟ್‌ವೇರ್ ಕಂಪನಿಯವರು, ಸಭೆಗೆ ಹೊಸಬರು. ಚನ್ನಕ್ಕ ಕವರನ್ನು ಮೇಜಿನ ಮೇಲಿಟ್ಟಳು. ಅವರು ಬಿಚ್ಚಿ ನೋಡಿ, "ಓ, ಪಾರಿವಾಳಕ್ಕಾ ಅಕ್ಕ? ಸೋ ಸ್ವೀಟ್!" ಎಂದು ಎದ್ದುಹೋಗಿ, ಅಂಗಳದಲ್ಲಿ ಎರಚಿಬಿಟ್ಟರು. ಪಾರಿವಾಳಗಳು ಇಳಿದವು.

ಚನ್ನಕ್ಕ ಅವರ ಕೈಯಿಂದ ಖಾಲಿ ಕವರು ತೆಗೆದುಕೊಂಡಳು. ಆಮೇಲೆ ಮೆಲ್ಲಗೆ, "ಹೂನ್ರಿ, ಪಾರಿವಾಳಕ್ಕ" ಅಂದಳು. ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದಳು. ಮತ್ತೆ ಬರಲಿಲ್ಲ.

"ಹೂಂ ಅಂದ್ಬಿಟ್ಟಳಲ್ಲ ಸಾರ್, ಅದೇ ನನ್ ಹೊಟ್ಟೆ ಉರ್ಸೋದು" ಎನ್ನುತ್ತಾರೆ ರಾಹೇಲಮ್ಮ. "ಆ ಸಾರ್‌ಗೆ ಬೇಜಾರಾಗ್ಬಾರ್ದು ಅಂತ ಅಂದ್ಳೋ, ನಾಚ್ಕೆಗೆ ಅಂದ್ಳೋ. ತಾನು ಉಣ್ಣೋ ಅನ್ನದಲ್ಲಿ ತೆಗ್ದಿದ್ದು ಅದು. ನಾನು ಕುರ್ಚಿ ಹಿಡ್ಕೊಂಡು ಇಲ್ಲೇ ನಿಂತಿದ್ದೆ. ಒಳಗೆ ದೊಡ್ಡೋರು ಮಾತಾಡ್ತಾವ್ರೆ, ಕೂಗಿದ್ರೆ ಏನಂತಾರೋ ಅಂತ ಬಾಯಿ ಬಿಡ್ಲಿಲ್ಲ. ಪಾರಿವಾಳ ತಿಂದು ಉಳ್ಸಿದ್ದನ್ನ ನಾನೇ ಗುಡಿಸ್ದೆ. ನಾನೇ."

ಸಿದ್ಧಾರ್ಥ್ ಅವರನ್ನು ಕೇಳಿದೆ. ಪಾಪ, ಕೆಟ್ಟ ಮನುಷ್ಯರಲ್ಲ. ಮುಖ ಕೆಂಪಾಯಿತು. "ನಮ್ಮ ಅಪಾರ್ಟ್‌ಮೆಂಟಲ್ಲಿ ಎಲ್ರೂ ಹಾಗೇ ಹಾಕ್ತಾರೆ ಸಾರ್. ಹಿಡಿ ಅಕ್ಕಿ ಅಂತ ಒಂದಿದೆ ಅಂತಾನೇ ಗೊತ್ತಿರ್ಲಿಲ್ಲ. ಯಾರೂ ಹೇಳ್ಲಿಲ್ಲ." ನಿಜವೇ. ಯಾರೂ ಹೇಳಲಿಲ್ಲ. ಪರದೆಯ ಮೇಲಿನ ಆ ಚಿತ್ರ ಹುಡುಕಿ ಹಾಕಿದವರೂ ಅವರೇ ಅಂತೆ. ನಗಬೇಕೋ ಅಳಬೇಕೋ ನನಗೆ ತಿಳಿಯುವುದಿಲ್ಲ. ಸಭಾಪಾಲಕ ರಾಜೇಂದ್ರ ಅವರು ಕೈ ಚೆಲ್ಲುತ್ತಾರೆ. "ಬ್ರದರ್, ಒಲೆ ಇಟ್ರೆ ಅಕ್ಕಪಕ್ಕದೋರು ಹೊಗೆ ಅಂತಾರೆ, ಊಟ ತಡ ಆದ್ರೆ ಸಭೆಯೋರೇ ಎದ್ದು ಹೋಗ್ತಾರೆ. ನಾನೇನ್ ಮಾಡ್ಲಿ ಹೇಳಿ?"

ರಾಹೇಲಮ್ಮ ಚನ್ನಕ್ಕನ ಶೆಡ್ಡು ಹುಡುಕಿಕೊಂಡು ಹೋಗಿದ್ದರು. ಕಟ್ಟಡ ಮುಗಿದಿತ್ತು, ಶೆಡ್ಡಿನ ತಗಡು ಬಿಚ್ಚಿ ಲಾರಿಗೆ ಹಾಕುತ್ತಿದ್ದರು. ಮಾದನಾಯಕನಹಳ್ಳಿ ಕಡೆ ಹೋದರು ಎಂದ ಒಬ್ಬ, ಬೊಮ್ಮನಹಳ್ಳಿ ಎಂದ ಇನ್ನೊಬ್ಬ. ಒಂದು ನಗರದ ಬಡಗಣ ತುದಿ, ಇನ್ನೊಂದು ತೆಂಕಣ. ಫೋನ್ ನಂಬರು ಕೇಳಿ ಇಟ್ಟುಕೊಳ್ಳಬೇಕೆಂದು ಇವರಿಗೆ ಯಾವತ್ತೂ ಅನ್ನಿಸಿರಲಿಲ್ಲ. "ವಾರ ವಾರ ಬರೋಳಿಗೆ ಫೋನ್ ಯಾತಕ್ಕೆ ಸಾರ್?"

ಚನ್ನಕ್ಕನಿಗೆ ಒಂದು ಮಾತು ಹೇಳಬೇಕು, ಅಷ್ಟೇ ಅವರ ಆಸೆ. ಆ ಅಕ್ಕಿ ಪಾರಿವಾಳಕ್ಕಲ್ಲ ಅಂತ ನನಗೆ ಗೊತ್ತಿತ್ತು ಕಣವ್ವಾ ಎನ್ನುವ ಮಾತು. ಅದನ್ನು ಹೇಳುವ ದಿನ ಬರುತ್ತದೆಂದು ನನಗೆ ಅನ್ನಿಸುವುದಿಲ್ಲ. ಅವರಿಗೂ ಅನ್ನಿಸುವುದಿಲ್ಲ, ಬಾಯಿಬಿಟ್ಟೇ ಹೇಳುತ್ತಾರೆ. ಆದರೂ ಮನೆಯಲ್ಲಿ ದಿನಾ ಒಂದು ಹಿಡಿ ತೆಗೆದಿಡುತ್ತಾರೆ. ಡಬ್ಬಿಯಲ್ಲಿ ಹುಳ ಬಿದ್ದಿದೆ. ಬಿಸಿಲಿಗೆ ಹಾಕಿ, ಮೊರದಲ್ಲಿ ಕೇರಿ, ಮತ್ತೆ ತುಂಬುತ್ತಾರೆ.

ಆರಾಧನೆ ಮುಗಿಯುತ್ತದೆ. ಜನ ಪೊಟ್ಟಣ ಹಿಡಿದು ಕಾರುಗಳ ಕಡೆ ನಡೆಯುತ್ತಾರೆ, ಕೆಲವರು ನಿಂತಲ್ಲೇ ತಿನ್ನುತ್ತಾರೆ. ನಮಗೂ ಎರಡು ಪೊಟ್ಟಣ ಸಿಗುತ್ತದೆ. ಹಿತ್ತಲಲ್ಲಿ, ಒಲೆ ಇದ್ದ ಜಾಗದ ಪಕ್ಕ ಕೂರುತ್ತೇವೆ. ಬೆಳಗಿನಿಂದ ಏನೂ ತಿಂದಿರದ ನಾನು ಪೊಟ್ಟಣ ಬಿಚ್ಚುತ್ತೇನೆ. ರಾಹೇಲಮ್ಮನ ಪೊಟ್ಟಣ ಮಡಿಲಲ್ಲಿ ಹಾಗೇ ಇದೆ. ಗೇಟಿನಲ್ಲಿ ಕಾರುಗಳ ಸಾಲು, ಅದರಾಚೆ ಯಾರೂ ಇಲ್ಲ.

"ಇನ್ನೊಸಿ ಕಾಯಾಣ ಸಾರ್" ಎನ್ನುತ್ತಾರೆ.

ನಾನು ಪೊಟ್ಟಣ ಮತ್ತೆ ಮಡಚಿ ಕೆಳಗಿಡುತ್ತೇನೆ. ಬಿಸಿಲು ಏರುತ್ತದೆ. ಒಳಗೆ ಮಧ್ಯಾಹ್ನದ ಆರಾಧನೆಗೆ ಗಿಟಾರು ಶ್ರುತಿ ಮಾಡುವುದು ಕೇಳಿಸುತ್ತದೆ. ಯಾರೂ ಬರುವುದಿಲ್ಲ. ಕೊನೆಗೆ ಅವರೇ ನನ್ನ ಪೊಟ್ಟಣವನ್ನು ನನ್ನ ಕಡೆ ತಳ್ಳುತ್ತಾರೆ.

"ತಿನ್ನಿ ಸಾರ್, ತಣ್ಣಗಾಯ್ತು" ಅನ್ನುತ್ತಾರೆ. ತಮ್ಮದನ್ನು ಇನ್ನೂ ಬಿಚ್ಚಿಲ್ಲ. "ನನ್ ಒಲೆ ಇರೋಗಂಟ ಇಲ್ಲಿ ಯಾರೂ ಲೇಟಾಗಿ ಬಂದೋರಿಲ್ಲ ಸಾರ್. ಅವರು ಬಂದ್ಮೇಲೇ ತಾನೆ ಊಟ ಶುರುವಾಗ್ತಿದ್ದಿದ್ದು."