ಅಪಸ್ವರದ ಮಂಗಳಕ್ಕ

ಮಂಗಳಕ್ಕ ಯಾರ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಬಾಗಿಲನ್ನು ಒಮ್ಮೆ ಎಳೆದು ಮುಚ್ಚಿ, ಮತ್ತೆ ತೆರೆಯುತ್ತಿದ್ದರು. ಕದ ಕಿರ್ರೆಂದರೆ ಮುಗಿಯಿತು, ಇನ್ನೊಮ್ಮೆ, ನಿಧಾನವಾಗಿ. ಮಲವಗೊಪ್ಪದ ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹಾಗೇ ಮಾಡಿದರು. ನಾನು ಯಾರೋ ಬಡಗಿಯ ಹೆಂಡತಿಯನ್ನು ಕರೆತಂದಿದ್ದೇನೆ ಎಂದುಕೊಂಡ ನಮ್ಮತ್ತೆ, “ಕದಕ್ಕೇನೂ ಆಗಿಲ್ಲಮ್ಮ, ಎಣ್ಣೆ ಬಿಟ್ರೆ ಸರಿಹೋಗುತ್ತೆ” ಎಂದರು.

“ಬೇಡಿ ಬೇಡಿ, ಎಣ್ಣೆ ಮಾತ್ರ ಬಿಡ್ಬೇಡಿ!” ಎಂದು ಮಂಗಳಕ್ಕ ಗಾಬರಿಯಿಂದ ಅವರ ಕೈ ಹಿಡಿದುಕೊಂಡರು. “ಎಷ್ಟು ಚೆಂದ ಮೇಲೆ ಹೋಗಿ ಇಳೀತಿದೆ ಕೇಳಿ. ವೀಣೆ ಕಲಿಯೋ ನಮ್ಮ ಹುಡುಗೀರಿಗೆ ಈ ಜಾರು ಹೇಳಿಕೊಡೋಕೆ ನಂಗೆ ಒಂದು ವರ್ಷ ಹಿಡಿಯುತ್ತೆ.”

ಚೀಲದಿಂದ ಪುಟ್ಟ ರೆಕಾರ್ಡರ್ ತೆಗೆದು ಕದದ ಸದ್ದನ್ನು ಹಿಡಿದುಕೊಂಡ ಮೇಲೆಯೇ ಅವರು ಕಾಫಿಗೆ ಕೂತದ್ದು. ಅತ್ತೆ ಆಮೇಲೆ ಆ ಬಾಗಿಲಿಗೆ ಎಣ್ಣೆ ಬಿಡಲು ಯಾರಿಗೂ ಅವಕಾಶ ಕೊಡಲಿಲ್ಲ.

ಪೂರ್ತಿ ಹೆಸರು ಸರ್ವಮಂಗಳಾ. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ ವೀಣೆಯ ಪಾಠ ಹೇಳುತ್ತಿದ್ದರು. ಗಂಡ ರಾಜಶೇಖರಪ್ಪನವರಿಗೆ ಕಾರ್ಖಾನೆಯಲ್ಲಿ ಕೆಲಸ. ಕನ್ನಡದಲ್ಲಿ ಪ್ರಯೋಗಶೀಲ ಸಂಗೀತಕ್ಕೆಂದೇ ಒಂದು ಪತ್ರಿಕೆ ಇದೆ ಎಂದರೆ ನಂಬದವರೇ ಹೆಚ್ಚು. ಅದು ಇದೆ. ಅದರ ಹೆಸರು ‘ಅಪಸ್ವರ’. ಮೂರು ತಿಂಗಳಿಗೊಮ್ಮೆ ಬರುತ್ತದೆ, ಕೆಲವೊಮ್ಮೆ ಆರು ತಿಂಗಳಾದರೂ ಬರುವುದಿಲ್ಲ. ಅದನ್ನು ಹುಟ್ಟಿಸಿ ಸಾಕಿದವರು ಮಂಗಳಕ್ಕ. ಪುಟ ಕಟ್ಟುತ್ತಿದ್ದವಳು ನಾನು.

ಪತ್ರಿಕೆ ಹುಟ್ಟಿದ ಕಥೆಯನ್ನು ಅವರೇ ಎಷ್ಟೋ ಸಲ ಹೇಳಿದ್ದರು. ಒಂದು ವರ್ಷ ಕ್ವಾರ್ಟರ್ಸ್‌ನ ಗಣಪತಿ ಪೆಂಡಾಲಿನಲ್ಲಿ ಅವರ ಕಛೇರಿ ಇತ್ತು. ಆಲಾಪನೆಯ ನಡುವೆ ಪಾಳಿ ಬದಲಾಗುವ ಸೈರನ್ ಕೂಗಿತು. ಯಾರೇ ಆದರೂ ನುಡಿಸುವುದನ್ನು ನಿಲ್ಲಿಸಿ, ಅದು ಮುಗಿಯಲಿ ಎಂದು ಕಾಯುತ್ತಾರೆ. ಮಂಗಳಕ್ಕ ಕಾಯಲಿಲ್ಲ. ತಂತಿ ಎಳೆದು ಸೈರನ್ನಿನ ಸ್ವರವನ್ನು ಮುಟ್ಟಿದರು, ಅದು ಇಳಿಯುವಾಗ ಅದರ ಜೊತೆಗೇ ಜಾರಿ ತಮ್ಮ ರಾಗಕ್ಕೆ ಮರಳಿದರು. ಕೆಲವರು ನಕ್ಕರು. ಕಛೇರಿ ಮುಗಿದ ಮೇಲೆ ಸಮಿತಿಯ ಒಬ್ಬರು, “ಏನ್ ಮೇಡಂ, ಸೈರನ್ ಜೊತೆ ಜುಗಲ್‌ಬಂದಿನಾ?” ಎಂದು ತಮಾಷೆ ಮಾಡಿದರು.

“ಅವ್ರು ತಮಾಷೆಗೆ ಅಂದ್ರು. ನಂಗೆ ರಾತ್ರಿಯಿಡೀ ಅದೇ ಯೋಚನೆ ಆಯ್ತು. ಹೌದಲ್ಲ, ಯಾಕಾಗ್ಬಾರ್ದು?” ಎನ್ನುತ್ತಿದ್ದರು.

ಆ ಬಗ್ಗೆ ಒಂದು ಲೇಖನ ಬರೆದು ಸಂಗೀತದ ಪತ್ರಿಕೆಯೊಂದಕ್ಕೆ ಕಳಿಸಿದರು. ಉತ್ತರ ಬರಲಿಲ್ಲ. ಇನ್ನೊಂದಕ್ಕೆ ಕಳಿಸಿದರು. ಅಲ್ಲಿಯ ಸಂಪಾದಕರು ಫೋನ್ ಮಾಡಿ, ಇದು ಹಾಸ್ಯದ ಪತ್ರಿಕೆಗೆ ಹೊಂದುತ್ತದೆ ಎಂದರಂತೆ. ಸರಿ, ಮಂಗಳಕ್ಕ ತಾವೇ ಪತ್ರಿಕೆ ಮಾಡಲು ಹೊರಟು, ಶಿವಮೊಗ್ಗದಲ್ಲಿ ನಾನು ಕೆಲಸಕ್ಕಿದ್ದ ಪ್ರೆಸ್ಸಿನ ಮೆಟ್ಟಿಲು ಹತ್ತಿದರು.

ನಮ್ಮದು ಮದುವೆ ಪತ್ರಿಕೆ, ಬಿಲ್ ಬುಕ್, ಕರಪತ್ರಗಳ ಪ್ರೆಸ್. ನಾನು ಅಲ್ಲಿ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸುವ ಡಿಟಿಪಿ ಕೆಲಸ ಮಾಡುತ್ತಿದ್ದೆ. ಅವರು ಕೊಟ್ಟ ಹಸ್ತಪ್ರತಿಯಲ್ಲಿ ಸ್ವರಪ್ರಸ್ತಾರದ ನಡುವೆ ಏನೇನೋ ಗೀಚುಗಳಿದ್ದವು. ಇದೇನು ಎಂದು ಕೇಳಿದೆ. “ಇದು ಸೈರನ್ನು. ಇದು ತಗಡಿನ ಮೇಲೆ ಮಳೆ. ಇದಕ್ಕೆಲ್ಲ ಸರಿಗಮದಲ್ಲಿ ಅಕ್ಷರ ಇಲ್ಲವಲ್ಲ ಲೀಲಾ, ಏನ್ ಮಾಡೋಣ?”

ನನ್ನ ಕಂಪ್ಯೂಟರಿನಲ್ಲಿ ಇದ್ದದ್ದು ಮದುವೆ ಪತ್ರಿಕೆಯ ಚಿತ್ರಗಳು: ಶಂಖ, ಕಳಶ, ಅಕ್ಷತೆ, ನವಿಲು, ವಾಲಗದವರು. ಹಿಂಜರಿಯುತ್ತಲೇ ತೋರಿಸಿದೆ. ಮಂಗಳಕ್ಕ ಮಗುವಿನ ಹಾಗೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ಸೈರನ್ನಿಗೆ ಶಂಖ ಆಯಿತು. ತಗಡಿನ ಮಳೆಗೆ ಅಕ್ಷತೆ. ತಂತಿ ಸಡಿಲವಾಗಿ ಗೊರಗುಟ್ಟುವುದಕ್ಕೆ ನವಿಲು ಬಾಲ ಮಡಚಿ ನಿಂತ ಚಿತ್ರ. ಮೊದಲ ಸಂಚಿಕೆಯನ್ನು ನೋಡಿದ ನಮ್ಮ ಮಾಲೀಕರು ಬಹಳ ಹೊತ್ತು ಪುಟ ತಿರುವಿ, “ಮುಹೂರ್ತನೇ ಬಿಟ್ಟೋಗಿದೆಯಲ್ಲ ಲೀಲಮ್ಮ?” ಎಂದು ಕೇಳಿದ್ದರು.

ಪುಟ ಕಟ್ಟುವುದಷ್ಟೇ ನನ್ನ ಕೆಲಸ ಎಂದುಕೊಂಡಿದ್ದೆ. ಅವರು ಬಿಡಲಿಲ್ಲ. “ಓದ್ತಾ ನಿಂಗೆ ಎಲ್ಲಿ ಅರ್ಥ ಆಗಲ್ವೋ ಅಲ್ಲೊಂದು ಗೆರೆ ಎಳಿ” ಎಂದರು. ನನಗೆ ಸಂಗೀತ ಬರುವುದಿಲ್ಲ ಎಂದೆ. “ಅದಕ್ಕೇ ಹೇಳ್ತಿರೋದು ಮಾರಾಯ್ತಿ. ಬರೋರು ಅರ್ಥ ಆದ ಹಾಗೆ ತಲೆ ಆಡಿಸ್ತಾರೆ.” ನಾನು ಗೆರೆ ಎಳೆದ ಕಡೆಯೆಲ್ಲ ಲೇಖಕರು ಮತ್ತೆ ಬರೆಯಬೇಕಾಗುತ್ತಿತ್ತು. ದೊಡ್ಡ ಹೆಸರಿನ ಒಬ್ಬರು ಸಿಟ್ಟಾಗಿ, ತಮ್ಮ ಲೇಖನ ತಿದ್ದಲು ಪ್ರೆಸ್ಸಿನ ಆಪರೇಟರ್ ಯಾರು ಎಂದು ಕೇಳಿದ್ದಕ್ಕೆ ಮಂಗಳಕ್ಕ, “ನಮ್ಮ ಮೊದಲನೇ ಓದುಗರು ಸರ್” ಎಂದಷ್ಟೇ ಹೇಳಿ ಫೋನ್ ಇಟ್ಟರು. ಅಷ್ಟು ದೊಡ್ಡ ಪದವಿಯನ್ನು ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ.

ಪತ್ರಿಕೆಗೆ ಕೆಲವು ವರ್ಷ ತುಂಬಿದಾಗ ಶಿವಮೊಗ್ಗದಲ್ಲೊಂದು ಕಛೇರಿ ಏರ್ಪಡಿಸಿದರು. ಸಿಕ್ಕಿದ್ದು ಒಂದು ಕಲ್ಯಾಣ ಮಂಟಪದ ಊಟದ ಹಾಲ್. ನವುಲೆಯ ಕೃಷಿ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಅಕ್ಕಿ ಮೂಟೆಯೊಳಗಿನ ಹುಳಗಳ ಸದ್ದನ್ನು ಸೂಕ್ಷ್ಮವಾದ ಮೈಕಿನಲ್ಲಿ ಹಿಡಿದಿದ್ದರು. ಅದನ್ನು ಸ್ಪೀಕರಿನಲ್ಲಿ ಹಾಕಿ, ಅದರ ಜೊತೆ ಮಂಗಳಕ್ಕ ವೀಣೆ ನುಡಿಸುವುದು. ಪಕ್ಕದ ಅಡುಗೆಮನೆಯಿಂದ ಒಬ್ಬರು ಸೌಟು ಹಿಡಿದೇ ಬಂದು ಮಿಕ್ಸಿ ಕೆಟ್ಟಿದೆಯಾ ಎಂದು ವಿಚಾರಿಸಿಕೊಂಡು ಹೋದರು. ಜನ ಒಬ್ಬೊಬ್ಬರಾಗಿ ಎದ್ದರು. ಕೊನೆಯವರೆಗೂ ಕದಲದೆ ಮುಂದಿನ ಸಾಲಿನಲ್ಲಿ ಕೂತಿದ್ದವರು ಕೃಷ್ಣಾಜೋಯಿಸರು. ಮಂಗಳಕ್ಕನಿಗೆ ಚಿಕ್ಕಂದಿನಿಂದ ವೀಣೆ ಕಲಿಸಿದ ಗುರುಗಳು. ಅವರು ಬಂದದ್ದನ್ನು ಕಂಡು ಮಂಗಳಕ್ಕನ ಮುಖ ಅರಳಿದ್ದನ್ನು ನಾನು ನೋಡಿದ್ದೆ.

ಕಛೇರಿ ಮುಗಿಯಿತು. ಜೋಯಿಸರು ಕೋಲೂರಿ ಎದ್ದು ನಿಂತರು.

“ಮಂಗಳಾ, ಇಷ್ಟು ವರ್ಷ ನಿನಗೆ ಹೇಳಿಕೊಟ್ಟಿದ್ದು ಇದಕ್ಕಾ? ಇನ್ಮೇಲೆ ನನ್ನ ಶಿಷ್ಯೆ ಅಂತ ಯಾರ ಹತ್ರನೂ ಹೇಳ್ಬೇಡ.”

ಉಳಿದಿದ್ದ ಒಂದಷ್ಟು ಜನ ನೆಲ ನೋಡಿದರು. ಮಂಗಳಕ್ಕ ವೀಣೆಯನ್ನು ಪಕ್ಕಕ್ಕಿಟ್ಟು ಎದ್ದು ಕೈಮುಗಿದರು. “ಆಗ್ಲಿ ಗುರುಗಳೇ. ಆದ್ರೆ ಏನು ಹಿಡಿಸ್ಲಿಲ್ಲ ಅಂತ ಬರ್ದುಕೊಡಿ. ಒಂದಕ್ಷರ ತೆಗೀದೆ ಹಾಕ್ತೀನಿ.”

ಆಮೇಲೆ ಕೈತೊಳೆಯುವ ನಲ್ಲಿಗಳ ಹತ್ತಿರ ಅವರು ತುಂಬ ಹೊತ್ತು ಮುಖ ತೊಳೆಯುತ್ತಿದ್ದರು. ನಾನು ಟವೆಲ್ ಹಿಡಿದು ನಿಂತಿದ್ದೆ.  ಎಷ್ಟೋ ವಾರ ಮಂಗಳಕ್ಕ ವೀಣೆಯ ಮೇಲಿನ ಬಟ್ಟೆ ತೆಗೆಯಲೇ ಇಲ್ಲವೆಂದು ರಾಜಶೇಖರಪ್ಪನವರು ನನಗೆ ಹೇಳಿದರು. “ನಂಗೆ ಈ ಸಂಗೀತ ತಿಳಿಯಲ್ಲಮ್ಮ. ಆದ್ರೆ ಮನೇಲಿ ಸದ್ದಿಲ್ದಿದ್ರೆ ಊಟ ಸೇರಲ್ಲ ನೋಡು” ಎಂದರು.

ಜೋಯಿಸರು ನಿಜವಾಗಿಯೂ ಬರೆದು ಕಳಿಸಿದರು. ಬೆಂಕಿಯಂಥ ಬರಹ. ‘ಅಕ್ಕಿಹುಳಗಳ ಕಛೇರಿಯಲ್ಲಿ ಹುಳಕ್ಕೆ ಶ್ರುತಿ ಇತ್ತು, ವೀಣೆಗೆ ಇರಲಿಲ್ಲ’ ಎಂಬ ಸಾಲು ಅದರಲ್ಲಿತ್ತು.  ಮಂಗಳಕ್ಕ ಅದನ್ನು ಮೊದಲ ಪುಟದಲ್ಲಿ ಹಾಕಲು ಹೇಳಿದರು. ಕೆಳಗೆ ನಿಮ್ಮದೊಂದು ಉತ್ತರ ಬರೆಯಿರಿ ಎಂದು ನಾನು ಒತ್ತಾಯಿಸಿದೆ.

“ಉತ್ತರ ಯಾಕೆ? ಊರಿಗೆ ಊರೇ ಎದ್ದೋಯ್ತು. ಅವ್ರೊಬ್ರು ಕೂತು ಕೊನೇ ತನ್ಕ ಕೇಳಿದ್ರು. ಆ ಸಾಲು ನೋಡಿದ್ಯಾ? ನನ್ನ ಪಂಚಮದ ತಂತಿ ಅವತ್ತು ನಿಜವಾಗ್ಲೂ ಇಳಿದಿತ್ತು ಲೀಲಾ. ಬೇರೆ ಯಾರಿಗೂ ಗೊತ್ತಾಗ್ಲಿಲ್ಲ.”

ಆ ಸಂಚಿಕೆ ಕೈಗೆ ಸಿಕ್ಕಿದ ಮೇಲೆ ಜೋಯಿಸರೇ ಫೋನ್ ಮಾಡಿದರು. ನಿಜವಾಗಿಯೂ ಒಂದಕ್ಷರ ತೆಗೆದಿಲ್ಲವಲ್ಲ ಎಂದು ಆಶ್ಚರ್ಯಪಟ್ಟರಂತೆ. ಮಂಗಳಕ್ಕ ಮುಂದಿನ ಸಂಚಿಕೆಗೂ ಬರೆಯಿರಿ ಎಂದು ಕೇಳಿಕೊಂಡರು. ಹೀಗೆ ‘ಹಿಡಿಸಲಿಲ್ಲ’ ಎಂಬ ಅಂಕಣ ಶುರುವಾಯಿತು. ಓದುಗರು ಮೊದಲು ತೆರೆಯುತ್ತಿದ್ದದ್ದೇ ಆ ಪುಟವನ್ನು. ಬೈಯಬೇಕಾದರೆ ಕೇಳಬೇಕಲ್ಲ? ಜೋಯಿಸರು ಪ್ರತಿಯೊಂದು ಧ್ವನಿಮುದ್ರಣವನ್ನೂ ತರಿಸಿಕೊಂಡು, ಸಾಲದೆಂದು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದರು. ನಾಡಿನಲ್ಲಿ ಈ ಬಗೆಯ ಸಂಗೀತವನ್ನು ಅವರಷ್ಟು ಗಮನವಿಟ್ಟು ಕೇಳಿದವರು ಇನ್ನೊಬ್ಬರಿರಲಾರರು.

ಕೆಲವು ವರ್ಷಗಳ ಮೇಲೆ ಒಂದು ಸಲ ಅವರಿಂದ ಬಂದ ಬರಹದಲ್ಲಿ ಬೈಗುಳವೇ ಇರಲಿಲ್ಲ. ಮಂಗಳಕ್ಕನ ಹೊಸ ಧ್ವನಿಮುದ್ರಣ ಕೇಳಿ ‘ಈ ಸಲ ಹೇಳಲು ಏನೂ ಉಳಿದಿಲ್ಲ, ಮನಸ್ಸು ತುಂಬಿತು’ ಎಂದು ಬರೆದಿದ್ದರು. ನಾನು ಖುಷಿಯಿಂದ ಫೋನಿನಲ್ಲಿ ಓದಿಹೇಳಿದೆ.  ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

“ಹಾಕ್ಬೇಡ ಅದನ್ನ. ವಾಪಸ್ ಕಳಿಸು. ಇನ್ನೊಂದ್ಸಲ ಸರಿಯಾಗಿ ಕೇಳಿ ಅಂತ ಹೇಳು.”

ವಾರದೊಳಗೆ ಜೋಯಿಸರ ಹೊಸ ಬರಹ ಬಂತು. ತಪ್ಪು ಸಿಕ್ಕಿತ್ತು. ಕೊನೆಯ ಭಾಗದಲ್ಲಿ ಆತುರವಂತೆ.

ಜೋಯಿಸರು ಹಾಸಿಗೆ ಹಿಡಿದಾಗ ನಾವಿಬ್ಬರೂ ನೋಡಲು ಹೋಗಿದ್ದೆವು. ನೆಂಟರೊಬ್ಬರು ಯಾರಿವರು ಎಂದು ಕೇಳಿದರು. ಜೋಯಿಸರು ಮಂಗಳಕ್ಕನನ್ನೇ ನೋಡುತ್ತ, “ಇವಳು ನನ್ನ ಸಂಪಾದಕಿ” ಎಂದರು. ಮಂಗಳಕ್ಕ ಅವರ ಕಾಲು ಮುಟ್ಟಿ ನಮಸ್ಕರಿಸಿದರು. ಶಿಷ್ಯೆ ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ.

ಮದುವೆ ಪತ್ರಿಕೆಗಳು ಫೋನಿಗೆ ಬರಲು ಶುರುವಾದ ಮೇಲೆ ನಮ್ಮ ಪ್ರೆಸ್ ಮುಚ್ಚಿತು. ನಾನು ಕಂಪ್ಯೂಟರನ್ನು ಮನೆಗೆ ತಂದುಕೊಂಡೆ. ಮಲವಗೊಪ್ಪ ಶಿವಮೊಗ್ಗ, ಭದ್ರಾವತಿ ಎರಡರ ನಡುವೆ ಇರುವುದರಿಂದ ಅಪಸ್ವರದ ಕಚೇರಿ ನಮ್ಮ ನಡುಮನೆಯೇ ಆಯಿತು. ರಾಜಶೇಖರಪ್ಪನವರು ಸ್ಕೂಟರಿನಲ್ಲಿ ಹೆಂಡತಿಯನ್ನು ಕರೆತಂದು ಬಿಟ್ಟು, ಜಗುಲಿಯಲ್ಲಿ ಕೂತು ಕವರುಗಳಿಗೆ ವಿಳಾಸ ಬರೆದು ಅಂಟಿಸುತ್ತಿದ್ದರು. ಪತ್ರಿಕೆಯನ್ನು ಅವರು ಒಂದು ದಿನವೂ ಓದಿದವರಲ್ಲ, ಒಂದು ಪ್ರತಿಯನ್ನೂ ತಡವಾಗಿ ಅಂಚೆಗೆ ಹಾಕಿದವರಲ್ಲ. ಹತ್ತಿರದ ಸೋಗಾನೆಯ ಹೊಸ ನಿಲ್ದಾಣದಲ್ಲಿ ವಿಮಾನ ಇಳಿಯಲು ಶುರುವಾದಾಗ ಮಂಗಳಕ್ಕ ಅವರನ್ನು ಹೊರಡಿಸಿಕೊಂಡು ಬೇಲಿಯಾಚೆ ನಿಂತು ಸದ್ದು ಹಿಡಿಯಲು ಹೋಗಿದ್ದರು. ಕಾವಲಿನವರು ಬಂದು ವಿಚಾರಿಸಿದಾಗ, “ನಮ್ಮನೆಯವರಿಗೆ ವಿಮಾನ ನೋಡೋ ಆಸೆ” ಎಂದು ಎಲ್ಲವನ್ನೂ ಗಂಡನ ತಲೆಗೆ ಕಟ್ಟಿ ಬಂದರು.

ಕಳೆದ ವರ್ಷ ಹೃದಯದ ತೊಂದರೆಯಿಂದ ಮಂಗಳಕ್ಕನನ್ನು ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನ ಹೋಗಿ ನೋಡಿದೆ. ಸಂಚಿಕೆ ಅರ್ಧ ಆಗಿತ್ತು. ಪ್ರೂಫ್ ಓದು ಎಂದರು. ಪಕ್ಕದ ಹಾಸಿಗೆಯವರಿಗೆ ತೊಂದರೆ ಆಗದ ಹಾಗೆ ಮೆಲ್ಲಗೆ ಓದಿದೆ. ಕಣ್ಣು ಮುಚ್ಚಿಕೊಂಡೇ ಒಂದು ಪದ ಬದಲಿಸಿದರು. ಇನ್ನೊಂದು ಲೇಖನ ತೆಗೆದಾಗ ಕೈ ಅಡ್ಡ ಹಿಡಿದರು.

“ಸಾಕು. ಉಳಿದಿದ್ದು ನೀನೇ ನೋಡ್ಕೋ.”

“ನೀವು ಮನೆಗೆ ಬಂದ್ಮೇಲೆ ನೋಡೋರಂತೆ ಬಿಡಿ ಅಕ್ಕ.”

“ಬರದೇ ಇದ್ರೆ?” ಎಂದು ನಕ್ಕರು. “ಲೀಲಾ, ಒಂದು ಹೇಳ್ತೀನಿ. ನನ್ನ ಫೋಟೋ ಹಾಕಿ, ವಿಶೇಷಾಂಕ ಗಿಶೇಷಾಂಕ ಅಂತ ಏನಾದ್ರೂ ತಂದ್ಯೋ, ನೋಡು ಮತ್ತೆ. ಅದು ಸಂಗೀತದ ಪತ್ರಿಕೆ. ನನ್ನ ಪತ್ರಿಕೆ ಅಲ್ಲ.”

ಆ ವಾರವೇ ಹೋಗಿಬಿಟ್ಟರು. ಅವರ ಮಾತು ಮೀರುವಂತಿಲ್ಲ, ಅದಕ್ಕೇ ಇದನ್ನು ಅಪಸ್ವರದಲ್ಲಲ್ಲದೆ ಬೇರೆ ಕಡೆ ಬರೆಯುತ್ತಿದ್ದೇನೆ.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಕಂಪ್ಯೂಟರ್ ಹಚ್ಚಿ ಕೂತೆ. ಲೇಖನಗಳ ಪುಟ ಕಟ್ಟಿಯಾಯಿತು. ಕೊನೆಗೆ ಉಳಿದದ್ದು ಒಳರಕ್ಷಾಪುಟ. ಸಂಪಾದಕರು ಎಂಬುದರ ಮುಂದೆ ಸರ್ವಮಂಗಳಾ ಎಂದಿತ್ತು. ಒಂದೊಂದೇ ಅಕ್ಷರ ಅಳಿಸಿದೆ. ಖಾಲಿ ಜಾಗದಲ್ಲಿ ಕರ್ಸರಿನ ಕಡ್ಡಿ ಮಿನುಗುತ್ತಿತ್ತು. ಕೈ ಮುಂದಕ್ಕೆ ಹೋಗಲಿಲ್ಲ. ಅಳಿಸಿದ್ದನ್ನು ಮತ್ತೆ ತಂದುಬಿಡೋಣ ಎನ್ನಿಸಿತು.

ಅಷ್ಟರಲ್ಲಿ ಫೋನ್ ಬಂತು. ರಾಜಶೇಖರಪ್ಪನವರು.

“ಏನಮ್ಮಾ ಲೀಲಾ, ಎಲ್ಲೀತನ್ಕ ಬಂತು? ನಾನು ಸ್ಟ್ಯಾಂಪ್ ತಂದಿಟ್ಟಿದೀನಿ.”

“ಆಯ್ತು ಸರ್,” ಎಂದೆ. “ಇನ್ನೊಂದೇ ಒಂದು ಹೆಸರು ಬಾಕಿ ಇದೆ.”

“ಹಾಕಮ್ಮ ಹಾಕು. ತಡ ಮಾಡ್ಬೇಡ. ಜನ ಕಾಯ್ತಿರ್ತಾರೆ.”

ಫೋನ್ ಇಟ್ಟು ನನ್ನ ಹೆಸರು ಟೈಪ್ ಮಾಡಿದೆ.